ದೊಡ್ಡ ಗೇರೇ ಸವೆದಿತ್ತು

ಅಣ್ಣಾ,

ನೀನು ತೀರಿಕೊಂಡ ತಿಂಗಳಿಗೆ ವೈನಿ ಫೋನು ಮಾಡಿ, ‘ನಿಮ್ಮಣ್ಣನ ಸೈಕಲ್ ಇಲ್ಲಿ ಹೊಡಿಯೋರು ಯಾರೂ ಇಲ್ಲವ್ವಾ, ನೀನ ಒಯ್ಯಿ’ ಅಂದರು. ಹುಬ್ಬಳ್ಳಿಯ ಕಮರಿಪೇಟೆಯಿಂದ ಟೆಂಪೋದಲ್ಲಿ ಹಾಕಿಸಿಕೊಂಡು ಇಲ್ಲಿ ಸಪ್ತಾಪುರದ ನನ್ನ ಮನೆಗೆ ತಂದೆ. ಈಗ ಶಾಲೆಗೆ ಅದರ ಮೇಲೆಯೇ ಹೋಗುತ್ತೇನೆ. ಐವತ್ತೆರಡರ ಟೀಚರು ಗೇರ್ ಸೈಕಲ್ ಹೊಡೆಯುವುದನ್ನು ನೋಡಿ ಮಕ್ಕಳು ಮೊದಲ ವಾರ ನಕ್ಕವು, ಆಮೇಲೆ ಮರೆತವು.

ತೊಂದರೆ ಕಂಡದ್ದು ಏರಿನಲ್ಲಿ. ಪೆಡಲ್ ಒತ್ತಿದಾಗಲೆಲ್ಲ ಚೈನು ಕಟಕ್ಕೆಂದು ಜಾರುತ್ತಿತ್ತು. ಚೈನು ಬದಲಿಸಿದೆ, ಇನ್ನೂ ಹೆಚ್ಚೇ ಜಾರಿತು. ಒಮ್ಮೆ ಬೀಳುವಷ್ಟಾದ ಮೇಲೆ ಓಣಿಯ ತುದಿಯಲ್ಲಿ ರಿಪೇರಿ ಮಾಡುವ ದಾವಲಸಾಬರ ಹತ್ತಿರ ಒಯ್ದೆ. ಅವರು ಹಿಂದಿನ ಗಾಲಿ ಬಿಚ್ಚಿ, ಒಂದರ ಮೇಲೊಂದು ಕೂತಿದ್ದ ಏಳು ಹಲ್ಲುಚಕ್ರಗಳನ್ನು ಡೀಸೆಲ್ಲಿನಲ್ಲಿ ತೊಳೆದು ಬೆಳಕಿಗೆ ಹಿಡಿದರು.

‘ನೋಡ್ರಿ ಅಕ್ಕಾರ, ಸಣ್ಣ ಗೇರು ಹೊಸಾವು ಇದ್ದಂಗ ಅದಾವು. ದೊಡ್ಡವು ಎರಡೂ ಸವದು ಮುಳ್ಳಾಗ್ಯಾವು. ಸವದ ಹಲ್ಲಿಗೆ ಹೊಸಾ ಚೈನ್ ಕೂಡಂಗಿಲ್ರಿ. ಇಡೀದ ಬದಲಿ ಮಾಡಬೇಕು.’

‘ದೊಡ್ಡವ ಯಾಕ ಸವದಾವ್ರಿ?’

‘ಕಾಲಾಗ ಶಕ್ತಿ ಇಲ್ಲದವರು ಅದನ್ನ ಹಾಕ್ಕೋತಾರ್ರಿ. ಪೆಡಲ್ ಹಗರ ಆಗತೈತಿ, ಗಾಡಿ ಮಾತ್ರ ನಡಕೊಂಡು ಹೋದಂಗ ಹೋಗತೈತಿ. ಯಾರು ಹೊಡೀತಿದ್ರು ಇದನ್ನ?’

‘ನಮ್ಮಣ್ಣ.’

‘ಮೊಣಕಾಲು ನೋವಿತ್ತೇನ್ರಿ ಅವರಿಗೆ?’

ಗೊತ್ತಿಲ್ಲ ಎಂದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಪ್ರತಿ ಭಾನುವಾರ ಊಟಕ್ಕೆಂದು ಸೈಕಲ್ ಮೇಲೆ ಬಂದು, ಹತ್ತಕ್ಕೆ ನೀನು ನನ್ನ ಬಾಗಿಲಲ್ಲಿ ನಿಂತು, ‘ಒಂದ ತಾಸಿನ್ಯಾಗ ಬಂದ್ನಿ’ ಎನ್ನುತ್ತಿದ್ದೆ. ಲೇತ್ ಮಷಿನ್ ಮುಂದೆ ಮೂವತ್ತು ವರ್ಷ ನಿಂತ ಕಾಲು ಗಟ್ಟಿಯಾಗಿರುತ್ತದೆ ಎಂದು ನಾನು ನಂಬಿದ್ದೆ. ಅದಕ್ಕೇ ನಾನು ಮನೆಯಲ್ಲಿರದ ಆ ಎರಡು ಭಾನುವಾರಗಳನ್ನು ಹಗುರವಾಗಿ ತೆಗೆದುಕೊಂಡೆ. ಒಮ್ಮೆ ಗೆಳತಿಯ ಮಗಳ ನಿಶ್ಚಯವಿತ್ತು, ಇನ್ನೊಮ್ಮೆ ಪರೀಕ್ಷೆ ಪೇಪರಿನ ಕೆಲಸ. ನಿನಗೆ ತಿಳಿಸಲು ಮರೆತೆ. ನೀನು ಬೀಗ ನೋಡಿ, ಕಟ್ಟೆಯ ಮೇಲೆ ಒಂದಷ್ಟು ಹೊತ್ತು ಕೂತು ತಿರುಗಿ ಹೋದೆ ಎಂದು ಪಕ್ಕದ ಮನೆಯವರು ಹೇಳಿದರು. ಫೋನಿನಲ್ಲಿ ನೀನು, ‘ಇರ್ಲಿ ಬಿಡು, ಗಾಳಿ ಕುಡದಂಗಾತು’ ಅಂದೆ. ಆಗಲಾದರೂ ನೀನು ಕಾಲಿನ ಮಾತು ಒಮ್ಮೆ ಎತ್ತಿದ್ದರೆ...

ಹೊಸ ಗೇರು ಹಾಕಿಸಿದ ಮೇಲೆ, ಹೋದ ಭಾನುವಾರ ಸೈಕಲ್ ಮೇಲೆಯೇ ಹುಬ್ಬಳ್ಳಿಗೆ ಹೊರಟೆ. ದಾರಿ ಬಹುತೇಕ ಇಳುಕಲು. ಅಂದರೆ ನೀನು ಬರುವಾಗ ಅದೆಲ್ಲ ಏರು. ಇಷ್ಟು ವರ್ಷ ಬಸ್ಸಿನ ಕಿಟಕಿಯ ಪಕ್ಕ ಕೂತು ಓಡಾಡಿದವಳಿಗೆ ಇದು ಹೇಗೆ ತಿಳಿಯಬೇಕು?

ನಿಮ್ಮ ಮನೆಯಲ್ಲಿ ವೈನಿ ಚಹಾ ಕೊಟ್ಟರು. ನೀನು ಮನೆ ಬಿಡುತ್ತಿದ್ದುದು ಎಷ್ಟಕ್ಕೆ ಎಂದು ಕೇಳಿದೆ.

‘ಏಳಕ್ಕ’ ಅಂದರು.

ಮೂರು ತಾಸು. ಆ ಎರಡು ಭಾನುವಾರಗಳ ಸಂಗತಿ ಹೇಳಿಬಿಟ್ಟೆ. ‘ನಾ ಮನ್ಯಾಗ ಇರಲಿಲ್ಲ ವೈನಿ. ಅಣ್ಣ ಉಪವಾಸ ತಿರುಗಿ ಬಂದಾನ.’

‘ನನ್ನ ಮುಂದ, ತಂಗಿ ಹೋಳಿಗಿ ಮಾಡಿದ್ಳು, ಹೊಟ್ಟಿ ತುಂಬೈತಿ ಅಂದಿದ್ರು.’

‘ನೀವು ನಂಬಿದ್ರೇನು?’

‘ಎಲ್ಲಿ ನಂಬೂದು? ನಾ ಅಡ್ಡಾಗಿದ್ನಿ. ಅಡಗಿ ಮನ್ಯಾಗ ಹೋಗಿ, ಸಪ್ಪಳ ಆಗದಂಗ ಮೂರು ರೊಟ್ಟಿ ತಿಂದ್ರು. ನಾ ಕಣ್ಣು ಮುಚ್ಚಿ ಮಲಗಿದಂಗ ಮಾಡಿದ್ನಿ.’

ಹೇಳಿ ಅವರು ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ನಿನಗೆ ಗೊತ್ತಾಗದೇ ಹೋದದ್ದು ಇದು, ಅಣ್ಣಾ. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ವೈನಿ, ನಿನ್ನ ಕೈಗೆ ಎಟಕುವಲ್ಲಿ ಮೂರು ರೊಟ್ಟಿ, ಪಲ್ಯ ಮುಚ್ಚಿಟ್ಟೇ ಮಲಗುತ್ತಿದ್ದರಂತೆ.

ನಿನ್ನ ತಂಗಿ