ಅಕ್ಕಚ್ಚು ಕುಡಿದ ಬಟ್ಟಲು

ಅತ್ತೆಗೆ, ಬಟವಾಡಿಯ ಮನೆಯಿಂದ ನಿಮ್ಮ ಸೊಸೆಯ ನಮಸ್ಕಾರ.

ನಿಮಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಮದುವೆ ಪತ್ರಿಕೆ ಬಂದರೂ ಯಾರನ್ನಾದರೂ ಹಿಡಿದು ಕೂರಿಸಿ ಓದಿಸುತ್ತಿದ್ದಿರಿ. ಇದನ್ನೂ ಅಲ್ಲಿ ಯಾರಿಂದಲಾದರೂ ಓದಿಸಿಕೊಳ್ಳಿ. ನಾಲ್ಕು ಜನಕ್ಕೆ ಕೇಳುವ ಹಾಗೆ ಜೋರಾಗಿಯೇ ಓದಲಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನೀವು ಹೋದ ಮೇಲೆ ನಮ್ಮ ಮಹಡಿ ಮನೆಗೆ ಜಪಾನಿನ ಗಂಡ ಹೆಂಡತಿ ಬಾಡಿಗೆಗೆ ಬಂದರು. ಗಂಡನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಹೆಂಡತಿ ಯೂಮಿ ನನ್ನನ್ನು ಅಕ್ಕ ಅನ್ನುತ್ತಾಳೆ. ತರಕಾರಿ ಗಾಡಿಯವನ ಹತ್ತಿರ ಕನ್ನಡ ಕಲಿತವಳು, ಈಗ ಚೌಕಾಸಿಯಲ್ಲಿ ನನ್ನನ್ನೂ ಮೀರಿಸುತ್ತಾಳೆ. ದಿನಾ ಬೆಳಿಗ್ಗೆ ಅವಳು ಮಾಚಾ ಅಂತ ಒಂದು ಟೀ ಮಾಡುತ್ತಾಳೆ. ಹಾಲಿಲ್ಲ, ಸಕ್ಕರೆಯಿಲ್ಲ. ಹಸಿರು ಟೀ ಎಲೆಯ ನುಣ್ಣನೆ ಪುಡಿಗೆ ಬಿಸಿನೀರು ಬಿಟ್ಟು, ಬಿದಿರಿನ ಪುಟ್ಟ ಕಡಗೋಲಿನಿಂದ ಬಟ್ಟಲಲ್ಲೇ ನೊರೆ ಬರುವ ತನಕ ಕಡೆಯುವುದು. ಮೊದಲ ಸಲ ಕುಡಿದಾಗ ನನಗೆ ನುಗ್ಗೆಸೊಪ್ಪು ಬಸಿದ ನೀರು ನೆನಪಾಯಿತು. ನೀವಾಗಿದ್ದರೆ ಒಂದು ಹರಳು ಉಪ್ಪು ಕೇಳುತ್ತಿದ್ದಿರಿ, ಅಲ್ಲವೇ?

ಹೋದ ತಿಂಗಳು ಅವಳ ಬಟ್ಟಲು ಕೈಜಾರಿ ಒಡೆಯಿತು. ಅವಳ ತಾಯಿ ಕೊಟ್ಟಿದ್ದಂತೆ. ನಾನು ಸ್ಟೀಲ್ ಡಬರಿ ಕೊಟ್ಟೆ, ಕಡೆದರೆ ಕರಕರ ಸದ್ದು, ಮುಟ್ಟಿದರೆ ಕೈ ಸುಡುತ್ತದೆ. ಪೇಟೆಯಿಂದ ಸೂಪ್ ಬಟ್ಟಲು ತಂದಳು, ಅದರ ತಳ ಕಿರಿದು, ಕಡಗೋಲಿನ ಎಳೆಗಳು ಮೂಲೆಗೆ ಸಿಕ್ಕಿ ಮುರಿದವು. ಆಮೇಲೆ ಬೆಳಗಿನ ಟೀಯನ್ನೇ ನಿಲ್ಲಿಸಿಬಿಟ್ಟಳು. ‘ಕೈಗೆ ಸರಿ ಬಟ್ಟಲು ಇಲ್ಲ ಅಂದ್ರೆ ಬೇಡ ಅಕ್ಕ’ ಅಂದಳು. ಆ ಮುಖ ನೋಡಲಾಗದೆ, ನಮ್ಮ ಗುಬ್ಬಿಗೆ ಹೋಗೋಣ ಬಾ ಎಂದು ಬಸ್ಸು ಹತ್ತಿಸಿದೆ.

ಗುಬ್ಬಿಯಲ್ಲಿ ಆ ಕುಂಬಾರರ ಮನೆಯ ಅಂಗಳ ನೆನಪಿದೆಯಾ? ಮದುವೆಯಾದ ಹೊಸದರಲ್ಲಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಿರಿ. ಸಾರಿಗೊಂದು ಮಡಿಕೆ, ಅಂಬಲಿಗೆ ಬಟ್ಟಲು ಬೇಕಿತ್ತು. ನೀವು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಿರಿ. ಕಣ್ಣು ಮುಚ್ಚಿ ಒಳಗೆಲ್ಲ ಕೈಯಾಡಿಸಿದಿರಿ. ಕೊನೆಗೆ ಬಟ್ಟಲಿನ ಅಂಚನ್ನು ತುಟಿಗೇ ಇಟ್ಟುಬಿಟ್ಟಿರಿ! ಡಿಗ್ರಿ ಓದಿದ ಸೊಸೆ ನಾನು, ನಾಚಿಕೆಯಿಂದ ಸತ್ತೆ. ‘ಬಾಯಿಗೆ ಇಡೋದ್ನ ಬಾಯಿಂದ್ಲೇ ನೋಡ್ಬೇಕು ಕಣವ್ವ. ಕಣ್ಣು ಬಣ್ಣ ನೋಡಿ ಮೋಸ ಹೋಯ್ತದೆ’ ಅಂದಿರಿ.

ಮೊನ್ನೆ ಅದೇ ಅಂಗಳದಲ್ಲಿ ನಾನೂ ಕುಕ್ಕರುಗಾಲಲ್ಲಿ ಕೂತೆ, ಮಂಡಿ ನೋವನ್ನೂ ಮರೆತು. ತಟ್ಟಿದೆ, ಕೇಳಿದೆ, ಕಣ್ಣು ಮುಚ್ಚಿದೆ. ಯೂಮಿ ನನ್ನನ್ನೇ ನೋಡುತ್ತಿದ್ದವಳು ಪಕ್ಕದಲ್ಲಿ ಕೂತು ಹಾಗೇ ಮಾಡತೊಡಗಿದಳು. ಚಂದ ಕಂಡ ಎರಡನ್ನು ಬಿಟ್ಟೆವು, ಒಂದರ ಅಂಚು ಒರಟು, ಇನ್ನೊಂದರ ತಳ ಅಲ್ಲಾಡುತ್ತಿತ್ತು. ಆರಿಸಿದ್ದು ಒಂದು ಕಡೆ ಹೊಗೆ ಹಿಡಿದು ಕಪ್ಪಾದ, ದಪ್ಪನೆಯ, ಅಗಲ ಬಾಯಿಯ ಬಟ್ಟಲು. ಒಳಗೆ ಮೂಲೆಯಿಲ್ಲ, ಕಡಗೋಲು ಸುಸೂತ್ರ ತಿರುಗುತ್ತದೆ. ಎರಡು ಕೈಯಲ್ಲಿ ಹಿಡಿದರೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಕುಂಬಾರರ ಸೊಸೆ ನಕ್ಕಳು. ‘ಆ ಯಮ್ಮನೂ ಇಂಗೇ ಕಣಕ್ಕ, ಅರ್ಧ ದಿನ ಕೂತ್ಕಂಡು ಎಲ್ಲಾದ್ಕೂ ಮುತ್ತಿಡೋರು’ ಅಂದಳು. ಅವತ್ತು ನಾಚಿದವಳಿಗೆ ಮೊನ್ನೆ ಎಷ್ಟು ಹೆಮ್ಮೆಯಾಯಿತು ಗೊತ್ತೇ?

ಈಗ ಅವತ್ತು ತಂದ ಆ ಮಡಿಕೆಯ ವಿಷಯಕ್ಕೆ ಬರಲೇಬೇಕು. ಹೊಸ ಮಣ್ಣಿನ ಪಾತ್ರೆಗೆ ಮೂರು ದಿನ ಅಕ್ಕಚ್ಚು ಕುಡಿಸಬೇಕು, ಅಕ್ಕಿ ತೊಳೆದ ನೀರು ಹೀರಿದರೆ ಮಣ್ಣಿನ ಸಣ್ಣ ತೂತೆಲ್ಲ ಮುಚ್ಚಿಕೊಳ್ಳುತ್ತದೆ ಎಂದು ನೀವು ಬಿಡಿಸಿ ಹೇಳಿದ್ದಿರಿ. ನನಗೆ ಅದು ಮುದುಕರ ಶಾಸ್ತ್ರ ಅನಿಸಿತು. ಮೂರು ದಿನವೂ ಅಕ್ಕಚ್ಚನ್ನು ಹಸುವಿನ ಬಾನಿಗೆ ಸುರಿದೆ. ಕೇಳಿದಾಗ, ಹೂಂ ಅತ್ತೆ, ಕುಡಿಸಿದೆ ಅಂದೆ. ನಾದಿನಿಯ ಅತ್ತೆ ಮಾವ ಕುಣಿಗಲ್ಲಿನಿಂದ ಊಟಕ್ಕೆ ಬಂದ ದಿನವೇ ಹುರುಳಿಕಾಳಿನ ಸಾರು ತಳದಿಂದ ಜಿನುಗಿ ಒಲೆಗಿಳಿಯಿತು. ಬೆಂಕಿ ಚೊಂಯ್ ಅಂತು, ಮನೆ ತುಂಬ ಹೊಗೆ. ‘ಸೊಸೆಗೆ ಏನೂ ಬರಾಕಿಲ್ವಾ?’ ಎಂದು ಬೀಗಿತ್ತಿ ಕೇಳಿದರು. ನೀವು ಮಡಿಕೆಯೊಳಗೆ ಒಮ್ಮೆ ಕೈಯಾಡಿಸಿದಿರಿ, ನನ್ನ ಕಡೆ ನೋಡಿದಿರಿ. ‘ಅವ್ಳೇನ್ ಮಾಡ್ತಾಳೆ ಬುಡಿ. ಅಕ್ಕಚ್ಚು ಕುಡ್ಸೋದ್ನ ನಾನೇ ಮರ್ತೆ’ ಅಂದಿರಿ.

ಹೊಸ ಸೊಸೆಯ ಮಾನ ಉಳಿಸಿದಿರಿ, ಸರಿ. ಆದರೆ ಆ ಮಾತು ನಿಮ್ಮ ಹೆಗಲೇರಿ ಕೂತುಬಿಟ್ಟಿತಲ್ಲ! ಕುಣಿಗಲ್ಲಿನ ಮೊಮ್ಮಕ್ಕಳಿಗೆ ನೀವು ‘ಸೋರೋ ಮಡಿಕೆ ಅಜ್ಜಿ’ ಆದಿರಿ. ಮಡಿಕೆ ತಟ್ಟಿ ಅದರ ಜಾತಕ ಹೇಳುವವರಿಗೆ ಆ ಹೆಸರು. ಹಬ್ಬ ಬಂದರೆ ಅದೇ ತಮಾಷೆ, ಎಲ್ಲರೂ ನಗುವವರು, ಬಾಯಿಗೆ ಸೆರಗಿಟ್ಟು ನಾನೂ ನಗುವವಳು. ನೀವು ಒಂದು ದಿನವಾದರೂ ನನ್ನ ಕಡೆ ಬೆರಳು ತೋರಿಸಿದಿರಾ? ಆಸ್ಪತ್ರೆಯಲ್ಲಿ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನೀವು ಕಾಫಿ ಕೇಳಿದಿರಿ, ನಾನು ತರಲು ಹೋದೆ. ಆಮೇಲೆ...

ಈ ಬಟ್ಟಲಿಗೆ ಮೂರು ದಿನ ನಾನೇ ಅಕ್ಕಚ್ಚು ಕುಡಿಸಿ, ನಾಲ್ಕನೆಯ ದಿನ ಭಾನುವಾರ ಮಹಡಿಗೆ ತೆಗೆದುಕೊಂಡು ಹೋದೆ. ನಿಮ್ಮ ಮಗನೂ ಬಂದಿದ್ದರು. ಯೂಮಿ ಬಟ್ಟಲನ್ನು ಮೂಸಿ ನೋಡಿ, ‘ಅಕ್ಕಿ ನೀರು?’ ಎಂದು ಕಣ್ಣರಳಿಸಿದಳು. ಅವಳ ತಾಯಿಯೂ ಹೊಸ ಮಣ್ಣಿನ ಪಾತ್ರೆಗೆ ಹೀಗೇ ಮಾಡುತ್ತಿದ್ದರಂತೆ. ಎಲ್ಲಿಯ ಜಪಾನು, ಎಲ್ಲಿಯ ಗುಬ್ಬಿ, ಅತ್ತೆ! ಅವಳು ಕಡೆದಳು, ಹಸಿರು ನೊರೆ ಎದ್ದಿತು, ಕೆಳಗೆ ಹಾಸಿದ ಬಿಳಿ ಬಟ್ಟೆ ಒಣಗಿಯೇ ಇತ್ತು. ಯಾರು ಕಲಿಸಿದ್ದು ಅಂತ ಕೇಳಿದಳು.

‘ನಮ್ಮವ್ವ. ಆದ್ರೆ ಅವ್ವನೇ ಒಂದ್ಸಲ ಮರ್ತು...’ ಎಂದು ನಿಮ್ಮ ಮಗ ನಗುತ್ತಾ ಹಳೆಯ ಕಥೆ ಶುರುಮಾಡಿದರು.

‘ಅತ್ತೆ ಮರೀಲಿಲ್ಲ ಕಣ್ರೀ. ಅಕ್ಕಚ್ಚು ಹಸೂಗೆ ಸುರ್ದವ್ಳು ನಾನು. ಕುಡ್ಸಿದೀನಿ ಅಂತ ಸುಳ್ಳು ಹೇಳ್ದವ್ಳೂ ನಾನೇ’ ಅಂದೆ.

ಅವರು ಯೂಮಿ ಕೊಟ್ಟ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ‘ಅವ್ವಂಗೆ ಗೊತ್ತಿತ್ತಾ?’ ಅಂತ ಕೇಳಿದರು. ಗೊತ್ತಿತ್ತು ಅಂದೆ. ಕಣ್ಣೊರೆಸಿಕೊಂಡು ಆ ಕಹಿ ಟೀಯನ್ನು ಪೂರ್ತಿ ಕುಡಿದರು.

ಕೆಳಗೆ ಬಂದವಳೇ ಕುಣಿಗಲ್ಲಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿ, ಎಲ್ಲರೂ ಕೇಳಲಿ ಅಂದೆ, ಹೇಳಿದೆ. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ಸೋರೋ ಮಡಿಕೆ ಈಗ ನನ್ನ ಹೆಸರಂತೆ, ಅತ್ತೆ. ನೀವು ಬರೀ ಅಜ್ಜಿ.