ಜಳಕಕ್ಕೆ ಮೊದಲು

೭ ಡಿಸೆಂಬರ್ ೨೦೦೬, ಗುರುವಾರ, ಬ್ಯಾಡಗಿ

ಜಳಕವಾಗಿದೆ. ಆದರೂ ಮೈ ಉಜ್ಜುತ್ತಲೇ ಇರಬೇಕೆನಿಸುತ್ತಿದೆ. ನಿನ್ನೆ ನನ್ನ ಕ್ಲಾಸಿನ ಹುಡುಗನೊಬ್ಬ ನನ್ನ ಮೇಲೆ ಅತ್ಯಾಚಾರ ಮಾಡಿದ. ಬೆಳಿಗ್ಗೆ ಅವ್ವನಿಗೆ ಹೇಳಿದವಳೇ ಬಚ್ಚಲಿಗೆ ಹೊರಟಿದ್ದೆ. ಅವ್ವನಿಗೆ ಹೇಳುವಾಗ ಜೊತೆಗಿರಲೆಂದು ಬಂದಿದ್ದ ಗೆಳತಿ ನಿರ್ಮಲಾ ಬಾಗಿಲಿಗೆ ಅಡ್ಡ ನಿಂತಳು. "ಈಗ ಜಳಕ ಬ್ಯಾಡ. ಮೊದಲ ದವಾಖಾನಿಗೆ ಹೋಗೂನು. ನಿನ್ನಿ ಬಟ್ಟಿನೂ ತೊಗೊ, ತೊಳಿಬ್ಯಾಡ. ತೊಳದ್ರ ಸಾಕ್ಷಿ ಹೋಗತೈತಿ."

ಡಾಕ್ಟರಮ್ಮ ಪ್ರತಿ ಸಲವೂ ನನ್ನನ್ನು ಕೇಳಿಯೇ ಮುಟ್ಟಿದರು. ಠಾಣೆಯಲ್ಲಿ ಅವನ ಹೆಸರನ್ನು ನಾನೇ ಹೇಳಿದೆ. ಎರಡೂ ಕಡೆ ಅವ್ವ ಪಕ್ಕದಲ್ಲಿದ್ದಳು.

ಜಳಕ ಮಾಡದೆ ಅಪ್ಪನನ್ನೂ ಅಡುಗೆಮನೆಯೊಳಗೆ ಬಿಡದವಳು ಅವಳು. ಸಂಜೆ ಮನೆಗೆ ಬಂದ ಕೂಡಲೇ ನನ್ನನ್ನು ಹಾಗೇ ಕರೆದೊಯ್ದು ಒಲೆಯ ಮುಂದೆ ಕೂರಿಸಿದಳು. "ನೀರು ಕಾಯಾಕತ್ತೈತಿ. ಅಲ್ಲೀತನಕ ಒಂದು ಬಿಸಿ ರೊಟ್ಟಿ ತಿನ್ನವ್ವಾ."

ನಾಳೆ ಕಾಲೇಜಿಗೆ ಹೋಗುತ್ತೇನೋ ಇಲ್ಲವೋ, ಗೊತ್ತಿಲ್ಲ. ಆದರೆ ಇವತ್ತು ಹಸಿವಾಯಿತು.