ಉಂಡ್ಯಾ ಎಂದು ಕೇಳದ ಸಿನಿಮಾ

೧೪ ಜೂನ್ ೨೦೦೯, ಭಾನುವಾರ. ಉಪ್ಪುಂದ

ಆ ಸಿನಿಮಾ ಇನ್ನೊಂದು ಚೂರು ಚೆನ್ನಾಗಿ ಮುಗಿಯಬಹುದಿತ್ತು ಎಂಬ ಕೊರಗು ಇನ್ನೂ ಹೋಗಿಲ್ಲ. ಮಳೆಗಾಲ, ದೋಣಿಗಳು ದಡದಲ್ಲಿವೆ, ಮೀನು ಮಾರುವ ಅತ್ತೆಗೂ ಬಿಡುವು. ಮಧ್ಯಾಹ್ನ ಇಬ್ಬರೂ ಟಿವಿ ಮುಂದೆ ಕುಳಿತು ನೋಡಿದೆವು. ಪೋರ್ಚುಗಲ್ ದೇಶದ ಕಥೆ. ಹಡಗಿಗೆ ಹೋದ ಗಂಡನಿಗಾಗಿ ಒಬ್ಬಳು ಹನ್ನೊಂದು ವರ್ಷ ಕಾಯುತ್ತಾಳೆ. ಮೀನಿಗೆ ಉಪ್ಪು ಹಾಕಿ ಹಾಕಿ ಬಿರಿದ ಅವಳ ಬೆರಳುಗಳನ್ನು ತೋರಿಸಿದಾಗ ಅತ್ತೆ ತಮ್ಮ ಕೈ ನೋಡಿಕೊಂಡರು. ಅಷ್ಟು ನಿಜವಾಗಿತ್ತು. ಕೊನೆಗೆ ಅವನು ಬಂದಾಗ ಮಾತ್ರ ಬರೀ ಪಿಟೀಲು, ಕಣ್ಣೀರು, ಸೂರ್ಯಾಸ್ತ. ಅಲ್ಲಿಗೆ ಮುಗಿಯಿತು.

"ಅಷ್ಟ್ ದೂರದಿಂದ ಬಂದವ್ನ ಹತ್ರ ಉಂಡ್ಯಾ ಅಂದೇಳಿ ಒಂದ್ ಮಾತ್ ಕೇಣ್ಲಿಲ್ಲೆ ಕಾಣ್," ಎಂದರು ಅತ್ತೆ. "ಪಾಪ, ಹೆಣ್ಣ್ ಒಳ್ಳೇದೇ. ಯಾರೂ ಹೇಳ್ಕೊಡ್ಲಿಲ್ಲೆ ಅದ್ಕ್."

ನಾನು ನಕ್ಕುಬಿಟ್ಟೆ.

ರಾತ್ರಿ ಎಂಟು ಗಂಟೆಗೆ ಮುಂಬೈಯಿಂದ ಇವರ ಫೋನ್ ಬಂತು. ಹೋಟೆಲಿನ ಗದ್ದಲದ ನಡುವೆ ಎಂದಿನಂತೆ "ಉಂಡ್ಯಾ?" ಎಂದರು. ಎಂದಿನಂತೆ "ಹ್ಞೂಂ" ಎಂದೆ. ಮಾಡಿನ ಹಂಚು ಒಡೆದದ್ದನ್ನು ಹೇಳಿ ಫೋನ್ ಇಟ್ಟೆ. ಮದುವೆಯಾಗಿ ಎಂಟು ವರ್ಷ. ಒಂದು ಸಲವಾದರೂ ನಾನು ತಿರುಗಿ ಕೇಳಿದ್ದೇನೆಯೇ ಎಂದು ಪೆನ್ನು ಹಿಡಿದು ನೆನಪು ಮಾಡಿಕೊಳ್ಳುತ್ತಿದ್ದೇನೆ. ದಿನವಿಡೀ ಊರಿಗೆಲ್ಲ ಊಟ ಬಡಿಸುವವರ ಹತ್ತಿರ ಅದನ್ನೇನು ಕೇಳುವುದು ಅಂದುಕೊಂಡಿದ್ದೆ.